ಟ್ರಯಲ್ಸ್ ಮೋಟಾರ್‌ಸೈಕಲ್‌ನ ಆಸನ ಮತ್ತು ಸವಾರಿ ಉಡುಪು

ಟ್ರಯಲ್ಸ್ ಮೋಟಾರ್‌ಸೈಕಲ್ ಎಂಬುದು ಬಂಡೆ, ತೊರೆ, ಕೆಸರು, ಮರದ ಬೇರು ಮತ್ತು ಕಡಿದಾದ ಏರುಗಳಂತಹ ಅಡೆತಡೆಗಳನ್ನು ನೆಲಕ್ಕೆ ಕಾಲೂರದೆ ದಾಟುವ ಸ್ಪರ್ಧೆಗಾಗಿ ನಿರ್ಮಿಸಲಾದ ಹಗುರ ದ್ವಿಚಕ್ರ ವಾಹನವಾಗಿದೆ. ಈ ಕ್ರೀಡೆಯಲ್ಲಿ ವೇಗಕ್ಕಿಂತ ಸಮತೋಲನಕ್ಕೆ ಹೆಚ್ಚಿನ ಮಹತ್ವವಿದೆ. ಸವಾರನು ಸ್ಪರ್ಧೆಯ ವಿಭಾಗಗಳನ್ನು ಪೂರ್ಣವಾಗಿ ನಿಂತುಕೊಂಡೇ ದಾಟುತ್ತಾನೆ. ಆದ್ದರಿಂದ ಇಂದಿನ ಸ್ಪರ್ಧಾ ಬೈಕ್‌ಗಳಲ್ಲಿ ಸಾಮಾನ್ಯ ಅರ್ಥದ ಆಸನವೇ ಇರುವುದಿಲ್ಲ. ಹಿಂದಿನ ಮಡ್‌ಗಾರ್ಡ್‌ನ ಮೇಲೆ ಅಂಟಿಸಿದ ತೆಳುವಾದ ಮೆತ್ತೆ ಮಾತ್ರ ಇರುತ್ತದೆ.

ಸವಾರಿ ಉಡುಪಿನ ವಿನ್ಯಾಸಕ್ಕೂ ಇದೇ ತತ್ವ ಅನ್ವಯಿಸುತ್ತದೆ. ಮೊಟೊಕ್ರಾಸ್ ಅಥವಾ ರಸ್ತೆ ಓಟದ ಉಡುಪು ಅತಿ ವೇಗದ ಅಪಘಾತದಿಂದ ದೇಹವನ್ನು ಕಾಪಾಡಲು ರೂಪುಗೊಂಡಿದೆ. ಟ್ರಯಲ್ಸ್ ಉಡುಪು ದೇಹದ ಚಲನೆಗೆ ಅಡ್ಡಿಯಾಗದೆ, ಕಡಿಮೆ ವೇಗದ ಬೀಳುವಿಕೆಯಿಂದ ಕೀಲು ಮತ್ತು ಮೂಳೆಗಳನ್ನು ರಕ್ಷಿಸುವಂತೆ ರೂಪುಗೊಂಡಿದೆ. ಚಲನೆಯ ಸ್ವಾತಂತ್ರ್ಯ ಮತ್ತು ರಕ್ಷಣೆ ಇವೆರಡರ ನಡುವಿನ ಹೊಂದಾಣಿಕೆಯೇ ಈ ಕ್ರೀಡೆಯ ಆಸನ ಹಾಗೂ ಉಡುಪಿನ ಬೆಳವಣಿಗೆಯನ್ನು ನಿರ್ಧರಿಸಿದೆ.

== ಸ್ಪರ್ಧೆಯ ಸ್ವರೂಪ ==

ಟ್ರಯಲ್ಸ್ ಸ್ಪರ್ಧೆಯ ಮಾರ್ಗವನ್ನು ಹಲವು ವಿಭಾಗಗಳಾಗಿ ಗುರುತಿಸಲಾಗುತ್ತದೆ. ಪ್ರತಿ ವಿಭಾಗದಲ್ಲಿಯೂ ಒಬ್ಬ ವೀಕ್ಷಕನಿದ್ದು, ಸವಾರನ ತಪ್ಪುಗಳನ್ನು ದಂಡದ ಅಂಕಗಳಾಗಿ ದಾಖಲಿಸುತ್ತಾನೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎಣಿಕೆ ಹೀಗಿದೆ:

* ಒಮ್ಮೆಯೂ ಕಾಲೂರದೆ ದಾಟಿದರೆ 0
* ಒಮ್ಮೆ ಕಾಲೂರಿದರೆ 1
* ಎರಡು ಬಾರಿ ಕಾಲೂರಿದರೆ 2
* ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಕಾಲೂರಿದರೆ 3
* ಬಿದ್ದರೆ, ಗಡಿ ದಾಟಿದರೆ ಅಥವಾ ವಿಭಾಗವನ್ನು ಪೂರ್ಣಗೊಳಿಸಲಾಗದಿದ್ದರೆ 5

ದಿನದ ಕೊನೆಯಲ್ಲಿ ಅತಿ ಕಡಿಮೆ ಅಂಕ ಪಡೆದವನು ಗೆಲ್ಲುತ್ತಾನೆ. ವಿಭಾಗದೊಳಗೆ ಬೈಕ್ ನಿಲ್ಲಿಸಬಹುದೇ, ಹಿಂದಕ್ಕೆ ಸರಿಯಬಹುದೇ ಎಂಬ ನಿಯಮಗಳು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತವೆ.

ಎರಡು ವಿಭಾಗಗಳ ನಡುವಿನ ದಾರಿಯನ್ನೂ ಸವಾರನು ಅದೇ ಬೈಕ್‌ನಲ್ಲಿ ಕ್ರಮಿಸಬೇಕಾಗುತ್ತದೆ. ಒಳಾಂಗಣ ಸ್ಪರ್ಧೆಗಳಲ್ಲಿ ಈ ದೂರ ಕೆಲವು ಮೀಟರ್‌ಗಳಷ್ಟೇ ಇರುತ್ತದೆ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ನಡೆಯುವ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್‌ನಲ್ಲಿ ಪರಿಸ್ಥಿತಿ ಬೇರೆ. 1909ರಷ್ಟು ಹಿಂದೆ ಆರಂಭವಾದ ಈ ಸ್ಪರ್ಧೆಯಲ್ಲಿ ಸವಾರರು ದಿನಕ್ಕೆ ಸುಮಾರು 30 ವಿಭಾಗಗಳನ್ನು ಎದುರಿಸುವುದರ ಜೊತೆಗೆ, ರಸ್ತೆ ಮತ್ತು ಜೌಗು ಬಯಲುಗಳ ಮೇಲೆ 160 ಕಿ.ಮೀ.ವರೆಗೂ ಸಾಗಬೇಕಾಗುತ್ತದೆ. ವಿಭಾಗದೊಳಗೆ ಅಡ್ಡಿಯೆನಿಸುವ ಆಸನ ವಿಭಾಗಗಳ ನಡುವೆ ಅಗತ್ಯವೆನಿಸುವುದು ಇಂತಹ ಸ್ಪರ್ಧೆಗಳಲ್ಲಿಯೇ.

== ನಿಂತು ಸವಾರಿ ಮಾಡುವುದಕ್ಕೆ ಕಾರಣ ==

ಇಂದಿನ ಟ್ರಯಲ್ಸ್ ಬೈಕ್‌ನ ತೂಕ ಸುಮಾರು 65ರಿಂದ 75 ಕೆ.ಜಿ. ಇರುತ್ತದೆ. ಸವಾರನ ತೂಕವೂ ಬಹುಮಟ್ಟಿಗೆ ಅಷ್ಟೇ. ಹಾಗಾಗಿ ಬೈಕ್ ಮತ್ತು ಸವಾರನನ್ನು ಒಟ್ಟಾಗಿ ಪರಿಗಣಿಸಿದರೆ, ಒಟ್ಟು ತೂಕದ ಅರ್ಧದಷ್ಟು ಸವಾರನ ದೇಹವೇ ಆಗಿರುತ್ತದೆ. ಇಬ್ಬರ ತೂಕ ಸಮನಾಗಿದ್ದು, ಸವಾರನು ತನ್ನ ದೇಹವನ್ನು 20 ಸೆಂ.ಮೀ. ಹಿಂದಕ್ಕೆ ಸರಿಸಿದರೆ, ಒಟ್ಟು ಗುರುತ್ವ ಕೇಂದ್ರ 10 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಸುಮಾರು 190 ಕೆ.ಜಿ. ತೂಕದ ರಸ್ತೆ ಬೈಕ್‌ನಲ್ಲಿ 70 ಕೆ.ಜಿ. ತೂಕದ ಸವಾರ ಇದೇ ಚಲನೆ ಮಾಡಿದರೆ ಗುರುತ್ವ ಕೇಂದ್ರ ಸರಿಯುವುದು 5 ಸೆಂ.ಮೀ.ಗಿಂತ ತುಸು ಹೆಚ್ಚು ಮಾತ್ರ. ಟ್ರಯಲ್ಸ್ ಬೈಕ್‌ನಲ್ಲಿ ಎಂಜಿನ್ ಮತ್ತು ಬ್ರೇಕ್‌ಗಳಂತೆ ಸವಾರನ ದೇಹವೂ ಒಂದು ನಿಯಂತ್ರಣ ಸಾಧನ ಎನ್ನುವುದಕ್ಕೆ ಇದೇ ಆಧಾರ.

ನಿಂತರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ, ನಿಂತಾಗ ದೇಹದ ತೂಕ ಮೇಲಕ್ಕೇ ಹೋಗುತ್ತದೆ. ನಿಲ್ಲುವುದರ ನಿಜವಾದ ಲಾಭಗಳು ಮೂರು. ಮೊದಲನೆಯದಾಗಿ, ಸವಾರ ಮತ್ತು ಬೈಕ್ ಬೇರೆ ಬೇರೆಯಾಗಿ ಓಲಾಡಬಲ್ಲವು. ಕಲ್ಲಿಗೆ ತಗುಲಿ ಬೈಕ್ ಎಡಕ್ಕೆ ವಾಲಿದರೂ ಸವಾರನ ದೇಹ ನೆಟ್ಟಗೇ ಉಳಿಯುತ್ತದೆ. ಎರಡನೆಯದಾಗಿ, ಮೊಣಕಾಲು ಮತ್ತು ಮೊಣಕೈಗಳು ಶಾಕ್ ಅಬ್ಸಾರ್ಬರ್‌ಗಳಂತೆ ಕೆಲಸ ಮಾಡಿ ನೆಲದ ಏಟನ್ನು ಹೀರುತ್ತವೆ. ಮೂರನೆಯದಾಗಿ, ಕಾಲುಗಳನ್ನು ಮಡಿಚಿ ಒಮ್ಮೆಲೆ ಚಾಚುವ ಮೂಲಕ ಬೈಕ್ ಅನ್ನು ನೆಲದಿಂದ ಎತ್ತುವುದು ಸಾಧ್ಯವಾಗುತ್ತದೆ.

ಮೂರನೆಯ ಕಾರಣವೇ ಆಸನಕ್ಕೆ ಮುಳುವಾಯಿತು. ದೊಡ್ಡ ಬಂಡೆಯನ್ನು ಏರುವ ಮೊದಲು ಸವಾರನು ಕುಕ್ಕರಗಾಲಿನಲ್ಲಿ ಕೂರುವಷ್ಟು ಕೆಳಕ್ಕೆ ಬಾಗುತ್ತಾನೆ. ಎತ್ತರದ ಆಸನವಿದ್ದರೆ ಸೊಂಟ ಅದಕ್ಕೆ ತಾಗಿ ನಿಲ್ಲುತ್ತದೆ. ಕಾಲುಗಳಿಗೆ ಪೂರ್ಣ ಮಡಿಕೆ ದೊರೆಯುವುದಿಲ್ಲ. ಇಳಿಜಾರಿನಲ್ಲಿ ಸೊಂಟವನ್ನು ಹಿಂಚಕ್ರದ ಮೇಲಿನವರೆಗೂ ಒಯ್ಯಬೇಕಾಗುತ್ತದೆ. ಅಲ್ಲಿಯೂ ಆಸನ ಅಡ್ಡಬರುತ್ತದೆ.

== ಆಸನದ ಇತಿಹಾಸ ==

=== ಸ್ಪ್ರಿಂಗ್ ಆಸನದ ಕಾಲ ===

ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಟ್ರಯಲ್ಸ್‌ಗೆಂದೇ ಪ್ರತ್ಯೇಕ ಬೈಕ್‌ಗಳು ಇರಲಿಲ್ಲ. ಬ್ರಿಟನ್ನಿನ ಸವಾರರು ರಸ್ತೆಯ ಬೈಕ್‌ಗಳನ್ನೇ ಅಲ್ಪಸ್ವಲ್ಪ ಮಾರ್ಪಡಿಸಿ ಸ್ಪರ್ಧೆಗೆ ಇಳಿಸುತ್ತಿದ್ದರು. ಆ ಬೈಕ್‌ಗಳ ಹಿಂಚಕ್ರವು ಯಾವುದೇ ಸ್ಪ್ರಿಂಗ್ ಇಲ್ಲದೆ ನೇರವಾಗಿ ಚೌಕಟ್ಟಿಗೆ ಜೋಡಣೆಯಾಗಿರುತ್ತಿತ್ತು. ಆದ್ದರಿಂದ ಸವಾರನ ಬೆನ್ನನ್ನು ಕಾಪಾಡುವ ಕೆಲಸ ಆಸನದ್ದೇ ಆಗಿತ್ತು. ಬೈಸಿಕಲ್ ಸೀಟಿನಂತೆ ಮುಂದೆ ಚೂಪಾಗಿ ಹಿಂದೆ ಅಗಲವಾಗಿದ್ದ ಚರ್ಮದ ಆಸನದ ಕೆಳಗೆ ಎರಡು ದಪ್ಪ ಸುರುಳಿ ಸ್ಪ್ರಿಂಗ್‌ಗಳಿರುತ್ತಿದ್ದವು.

ಎರಡನೆಯ ಮಹಾಯುದ್ಧದ ನಂತರ ಹಿಂಚಕ್ರಕ್ಕೆ ಸ್ವಿಂಗ್ ಆರ್ಮ್ ಮತ್ತು ಶಾಕ್ ಅಬ್ಸಾರ್ಬರ್ ಅಳವಡಿಸುವ ಪದ್ಧತಿ ಬಂದಿತು. ರೆಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿಯು ಇಂತಹ ವ್ಯವಸ್ಥೆಯುಳ್ಳ ಬುಲೆಟ್ ಮಾದರಿಯನ್ನು 1948ರ ಕೋಲ್‌ಮೋರ್ ಕಪ್ ಟ್ರಯಲ್‌ನಲ್ಲಿ ಸ್ಪರ್ಧೆಗಿಳಿಸಿತು. ಸ್ವಿಂಗ್ ಆರ್ಮ್ ಇದ್ದರೆ ಹಿಂಚಕ್ರ ನೆಲಬಿಟ್ಟು ಜಾರುತ್ತದೆ ಎಂಬ ಶಂಕೆ ಆಗಿನ ಟ್ರಯಲ್ಸ್ ಸವಾರರಲ್ಲಿ ವ್ಯಾಪಕವಾಗಿತ್ತು. ಜಾನಿ ಬ್ರಿಟನ್ 1952 ಮತ್ತು 1957ರಲ್ಲಿ ರಾಯಲ್ ಎನ್‌ಫೀಲ್ಡ್ ಬೈಕ್‌ನಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. ಏಟನ್ನು ಚಕ್ರದ ಬಳಿಯೇ ತಡೆಯುವ ವ್ಯವಸ್ಥೆ ಬಂದ ಮೇಲೆ ಆಸನದ ಕೆಳಗಿನ ಸ್ಪ್ರಿಂಗ್‌ಗಳ ಅಗತ್ಯ ಉಳಿಯಲಿಲ್ಲ. ಅವುಗಳ ಸ್ಥಾನದಲ್ಲಿ ಸ್ಪಂಜು ತುಂಬಿದ ಚಪ್ಪಟೆ ಆಸನಗಳು ಬಂದವು.

=== ಸ್ಪೇನ್‌ನ ಹಗುರ ಬೈಕ್‌ಗಳು ===

1950 ಮತ್ತು 1960ರ ದಶಕಗಳಲ್ಲಿ ಉತ್ತರ ಐರ್ಲೆಂಡಿನ ಸವಾರ ಸ್ಯಾಮಿ ಮಿಲ್ಲರ್ ತಮ್ಮ 500 ಸಿಸಿ ಏರಿಯಲ್ ಬೈಕ್‌ನಿಂದ ಅನಗತ್ಯ ತೂಕವನ್ನು ಒಂದೊಂದಾಗಿ ತೆಗೆದುಹಾಕುತ್ತ ಬಂದರು. 1964ರಲ್ಲಿ ಅವರು ಸ್ಪೇನ್‌ನ ಬುಲ್ಟಾಕೊ ಕಂಪನಿಯನ್ನು ಸೇರಿ ಶೆರ್ಪಾ ಟಿ ಎಂಬ 244 ಸಿಸಿ ಟೂ-ಸ್ಟ್ರೋಕ್ ಬೈಕ್ ರೂಪಿಸಲು ನೆರವಾದರು. 100 ಕೆ.ಜಿ.ಗಿಂತ ಕಡಿಮೆ ತೂಕದ ಈ ಬೈಕ್‌ನಲ್ಲಿ ಅವರು 1965ರ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದ ಬಳಿಕ ಭಾರವಾದ ಬ್ರಿಟಿಷ್ ಫೋರ್-ಸ್ಟ್ರೋಕ್ ಬೈಕ್‌ಗಳ ಕಾಲ ಮುಗಿಯತೊಡಗಿತು.

ಸ್ಪೇನ್‌ನ ಇನ್ನೊಂದು ಕಂಪನಿ ಮೊಂಟೆಸಾ 1968ರಲ್ಲಿ ಕೋಟಾ 247 ಮಾದರಿಯನ್ನು ಹೊರತಂದಿತು. ಇದರಲ್ಲಿ ಪೆಟ್ರೋಲ್ ಟ್ಯಾಂಕ್ ಮತ್ತು ಆಸನದ ತಳ ಒಂದೇ ಅಖಂಡ ಫೈಬರ್‌ಗ್ಲಾಸ್ ಭಾಗವಾಗಿದ್ದವು. ಟ್ಯಾಂಕ್‌ನಿಂದ ಹಿಂದಿನ ಮಡ್‌ಗಾರ್ಡ್‌ವರೆಗೆ ಒಂದೇ ಇಳಿಜಾರಾದ ರೇಖೆ ಉಂಟಾದುದರಿಂದ ಸವಾರನ ಮೊಣಕಾಲು ಎಲ್ಲಿಯೂ ಸಿಕ್ಕಿಕೊಳ್ಳದೆ ಚಲಿಸುವಂತಾಯಿತು. ಆದರೂ ಆ ಕಾಲದ ಬೈಕ್‌ಗಳಲ್ಲಿ ಒಬ್ಬ ಸವಾರ ಆರಾಮವಾಗಿ ಕುಳಿತು ಊರಿನಿಂದ ಊರಿಗೆ ಹೋಗುವಷ್ಟು ಆಸನ ಉಳಿದಿತ್ತು. ವಿಭಾಗಗಳು ಉದ್ದವಾಗಿದ್ದು, ಅವುಗಳನ್ನು ನಿಲ್ಲದೆ ದಾಟುವುದೇ ಅಂದಿನ ಕೌಶಲವಾಗಿತ್ತು.

=== ಆಸನ ಕುಗ್ಗಿದ ಬಗೆ ===

1975ರಲ್ಲಿ ಟ್ರಯಲ್ಸ್ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು; ಇಂಗ್ಲೆಂಡಿನ ಮಾರ್ಟಿನ್ ಲ್ಯಾಂಪ್ಕಿನ್ ಮೊದಲ ಚಾಂಪಿಯನ್ ಆದರು. 1979ರ ಚಾಂಪಿಯನ್, ಅಮೆರಿಕದ ಬರ್ನಿ ಶ್ರೈಬರ್, ಚಕ್ರವನ್ನು ನೆಲದಿಂದೆತ್ತಿ ಬೈಕ್ ಅನ್ನು ತಿರುಗಿಸುವ ತಂತ್ರಗಳಿಗೆ ಹೆಸರಾದರು. ಸ್ಪೇನ್‌ನ ಜೊರ್ದಿ ತಾರ್‍ರೆಸ್ 1987ರಿಂದ 1995ರ ನಡುವೆ ಏಳು ಬಾರಿ ಚಾಂಪಿಯನ್ ಆದರು. ಬೈಸಿಕಲ್ ಟ್ರಯಲ್ಸ್ ಹಿನ್ನೆಲೆಯಿಂದ ಬಂದ ಅವರು ನಿಂತಲ್ಲಿಯೇ ಬೈಕ್ ಅನ್ನು ಕುಪ್ಪಳಿಸಿ ಸರಿಸುವ ಶೈಲಿಯನ್ನು ಮೋಟಾರ್‌ಸೈಕಲ್‌ಗೆ ತಂದರು. ಕುಪ್ಪಳಿಸಲು ಕಾಲುಗಳ ಕೆಳಗೆ ಹೆಚ್ಚು ಜಾಗ ಬೇಕು. ತಂತ್ರ ಬದಲಾದಂತೆ ವಿಭಾಗಗಳು ಇನ್ನಷ್ಟು ಕಠಿಣವಾದವು, ಆಸನಗಳು ಇನ್ನಷ್ಟು ತಗ್ಗಿದವು.

ಯಂತ್ರರಚನೆಯ ಬದಲಾವಣೆಯೂ ಇದಕ್ಕೆ ಪೂರಕವಾಯಿತು. 1980ರ ದಶಕದ ಮೊದಲಾರ್ಧದಲ್ಲಿ ಯಮಹಾ ಟಿವೈ 250 ಬೈಕ್‌ಗೆ ಹಿಂಬದಿಯಲ್ಲಿ ಎರಡು ಶಾಕ್ ಅಬ್ಸಾರ್ಬರ್‌ಗಳ ಬದಲು ಮಧ್ಯದಲ್ಲಿ ಒಂದೇ ಅಬ್ಸಾರ್ಬರ್ ಬಂದಿತು. ಇದರಿಂದ ಹಿಂಭಾಗದ ಚೌಕಟ್ಟನ್ನು ಕಿರಿದಾಗಿಸಲು ಸಾಧ್ಯವಾಯಿತು. ನಂತರದ ಮಾದರಿಗಳಲ್ಲಿ ಹಿಂಭಾಗದ ಚೌಕಟ್ಟು ಮತ್ತು ಆಸನಗಳೆರಡನ್ನೂ ಕೈಬಿಟ್ಟು, ಗಟ್ಟಿ ಪ್ಲಾಸ್ಟಿಕ್ ಮಡ್‌ಗಾರ್ಡ್ ಅನ್ನೇ ನೇರವಾಗಿ ಮುಖ್ಯ ಚೌಕಟ್ಟಿಗೆ ಜೋಡಿಸಲಾಯಿತು.

2007ರಿಂದ 2024ರವರೆಗೆ ಹೊರಾಂಗಣ ವಿಶ್ವ ಚಾಂಪಿಯನ್‌ಷಿಪ್‌ನ್ನು ಸತತ 18 ಬಾರಿ ಗೆದ್ದ ಸ್ಪೇನ್‌ನ ಟೋನಿ ಬೌ ಸವಾರಿ ಮಾಡಿದ ಮೊಂಟೆಸಾ ಕೋಟಾ ಬೈಕ್‌ಗಳು ಈ ರೂಪಕ್ಕೆ ಪರಿಚಿತ ಉದಾಹರಣೆಗಳಾಗಿವೆ.

== ಇಂದಿನ ಆಸನದ ವಿಧಗಳು ==

=== ಸ್ಪರ್ಧಾ ಮೆತ್ತೆ ===

ಸ್ಪರ್ಧಾ ಬೈಕ್‌ಗಳ ಆಸನದ ಎತ್ತರ ನೆಲದಿಂದ ಸುಮಾರು 650 ಮಿ.ಮೀ. ಇರುತ್ತದೆ, ಸಾಮಾನ್ಯ ರಸ್ತೆ ಬೈಕ್‌ಗಳಲ್ಲಿ ಇದು 800 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಟ್ರಯಲ್ಸ್ ಬೈಕ್‌ನ ಮೆತ್ತೆಗೂ ಫುಟ್‌ರೆಸ್ಟ್‌ಗೂ ಇರುವ ಅಂತರ ಸರಿಸುಮಾರು 30 ಸೆಂ.ಮೀ. ಮಾತ್ರ. ಇಲ್ಲಿ ಕುಳಿತರೆ ಮೊಣಕಾಲು ಎದೆಯ ಕಡೆಗೆ ಮಡಿಚಿಕೊಳ್ಳುತ್ತದೆ. ದೂರದವರೆಗೆ ಹೀಗೆ ಸಾಗುವುದು ಮೊಣಕಾಲಿಗೂ ಸೊಂಟಕ್ಕೂ ಹಿತಕರವಲ್ಲ. ಈ ಮೆತ್ತೆಯ ಉದ್ದೇಶ ಕೂರಿಸುವುದಕ್ಕಿಂತ ಹೆಚ್ಚಾಗಿ, ಕೆಳಕ್ಕೆ ಬಾಗಿದಾಗ ದೇಹಕ್ಕೆ ಮಡ್‌ಗಾರ್ಡ್‌ನ ಏಟು ತಗುಲದಂತೆ ನೋಡಿಕೊಳ್ಳುವುದಾಗಿದೆ.

=== ಕಳಚಬಹುದಾದ ಆಸನ ===

ದೀರ್ಘ ಮಾರ್ಗದ ಸ್ಪರ್ಧೆಗಳಲ್ಲಿ ಹಾಗೂ ವಿರಾಮದ ಕಾಡುಹಾದಿ ಸವಾರಿಗಳಲ್ಲಿ ಮಡ್‌ಗಾರ್ಡ್‌ನ ಮೇಲೆ ಬಿಗಿಯುವ ಪ್ರತ್ಯೇಕ ಆಸನಗಳು ಬಳಕೆಯಲ್ಲಿವೆ. ನೀರು ಹೀರದ ಮುಚ್ಚಿದ ರಂಧ್ರಗಳ ಫೋಮ್ ತುಂಡಿಗೆ ರೆಕ್ಸಿನ್ ಅಥವಾ ಜಾರದ ಬಟ್ಟೆಯ ಹೊದಿಕೆ ಹಾಕಿ, ಪಟ್ಟಿಗಳಿಂದಲೋ ಬೋಲ್ಟ್‌ಗಳಿಂದಲೋ ಇವನ್ನು ಜೋಡಿಸಲಾಗುತ್ತದೆ. ಕೆಲವು ಸವಾರರು ಸ್ವತಃ ಫೋಮ್ ಕತ್ತರಿಸಿ ಇವನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಇಂತಹ ಆಸನ ಜೋಡಿಸುವಾಗ ಗಮನಿಸಬೇಕಾದ ಅಂಶಗಳು:

* ಹಿಂಭಾಗದ ಶಾಕ್ ಅಬ್ಸಾರ್ಬರ್ ಪೂರ್ಣವಾಗಿ ಒತ್ತಿಕೊಂಡಾಗಲೂ, ಸವಾರನ ಭಾರದಿಂದ ಬಾಗಿದ ಮಡ್‌ಗಾರ್ಡ್ ಟೈರ್‌ಗೆ ತಾಗಬಾರದು.
* ಪಟ್ಟಿಗಳ ತುದಿಗಳು ಜೋತುಬಿದ್ದು ಚಕ್ರ ಅಥವಾ ಚೈನಿಗೆ ಸಿಕ್ಕಿಕೊಳ್ಳಬಾರದು.
* ಫೋಮ್ ಮತ್ತು ಹೊದಿಕೆ ಸೈಲೆನ್ಸರ್‌ಗೆ ತಗುಲದಂತಿರಬೇಕು.
* ಗಾಳಿಶೋಧಕದ ಗಾಳಿ ಪ್ರವೇಶದ ಮಾರ್ಗ ಮುಚ್ಚಿಹೋಗಬಾರದು. ಹಲವು ಮಾದರಿಗಳಲ್ಲಿ ಈ ಪೆಟ್ಟಿಗೆ ಮೆತ್ತೆಯ ಕೆಳಭಾಗದಲ್ಲಿಯೇ ಇರುತ್ತದೆ.

ಟ್ರಯಲ್ಸ್ ಬೈಕ್‌ನ ಮಡ್‌ಗಾರ್ಡ್ ಇಬ್ಬರ ಭಾರ ಹೊರುವಂತೆ ನಿರ್ಮಿತವಾಗಿಲ್ಲ. ಆದ್ದರಿಂದ ಹೆಚ್ಚುವರಿ ಆಸನ ಹಾಕಿದರೂ ಹಿಂಬದಿ ಸವಾರನನ್ನು ಕೂರಿಸಿಕೊಳ್ಳುವುದು ಅಪಾಯಕರ.

=== ಆಸನಸಹಿತ ಮಾದರಿಗಳು ===

ಟ್ರಯಲ್ಸ್ ಬೈಕ್‌ನ ಹಗುರತನವನ್ನು ಉಳಿಸಿಕೊಂಡು ಕುಳಿತು ಹೋಗಬಹುದಾದ ಮಾದರಿಗಳನ್ನೂ ಕಂಪನಿಗಳು ತಯಾರಿಸಿವೆ. ಬೀಟಾ ಆಲ್ಪ್, ಸ್ಕೊರ್ಪಾ ಟಿ-ರೈಡ್, ಶೆರ್ಕೊ ಎಕ್ಸ್-ರೈಡ್ ಮತ್ತು ಮೊಂಟೆಸಾ 4ರೈಡ್ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಆಸನದ ಜೊತೆಗೆ ಪೆಟ್ರೋಲ್ ಟ್ಯಾಂಕ್ ಕೂಡ ದೊಡ್ಡದಾಗಿರುತ್ತದೆ. ಸ್ಪರ್ಧಾ ಬೈಕ್‌ಗಳ ಟ್ಯಾಂಕ್ ಸಾಮಾನ್ಯವಾಗಿ 2ರಿಂದ 3 ಲೀಟರ್ ಹಿಡಿಯುವುದರಿಂದ ಅವು ದೂರ ಪ್ರಯಾಣಕ್ಕೆ ಯೋಗ್ಯವಲ್ಲ.

1965ಕ್ಕಿಂತ ಹಿಂದಿನ ವಿನ್ಯಾಸದ ಬೈಕ್‌ಗಳಿಗೆ ಹಾಗೂ ಎರಡು ಶಾಕ್ ಅಬ್ಸಾರ್ಬರ್‌ಗಳ ಹಳೆಯ ಬೈಕ್‌ಗಳಿಗೆ ಬ್ರಿಟನ್ ಮತ್ತಿತರ ದೇಶಗಳಲ್ಲಿ ಪ್ರತ್ಯೇಕ ಸ್ಪರ್ಧಾ ವರ್ಗಗಳಿವೆ. ಇವುಗಳಲ್ಲಿ ಹಳೆಯ ಬಗೆಯ ಆಸನಗಳು ಇಂದಿಗೂ ಕಾಣಸಿಗುತ್ತವೆ.

== ಸವಾರಿ ಉಡುಪಿನ ಇತಿಹಾಸ ==

ಆರಂಭದ ಟ್ರಯಲ್ಸ್ ಸವಾರರ ಮುಖ್ಯ ಶತ್ರು ಬೀಳುವಿಕೆಗಿಂತ ಹೆಚ್ಚಾಗಿ ಮಳೆ ಮತ್ತು ಚಳಿಯಾಗಿತ್ತು. ಬ್ರಿಟನ್ನಿನ ಬೆಟ್ಟಗಾಡುಗಳಲ್ಲಿ ದಿನವಿಡೀ ತೊಯ್ದ ಸವಾರನಿಗೆ ಕೈ ಮರಗಟ್ಟಿ ಕ್ಲಚ್ ಹಿಡಿಯುವುದೇ ಕಷ್ಟವಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಮೇಣ ಲೇಪಿಸಿದ ಹತ್ತಿಬಟ್ಟೆಯ ಜಾಕೆಟ್‌ಗಳು ಬಳಕೆಗೆ ಬಂದವು. ಬಾರ್ಬರ್ ಕಂಪನಿ 1936ರಲ್ಲಿ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್‌ಗಾಗಿ ಇಂತಹ ಉಡುಪನ್ನು ರೂಪಿಸಿತು. (ಈ ಸ್ಪರ್ಧೆ ಇಂದು ಎಂಡ್ಯೂರೊ ಕ್ರೀಡೆಯ ಭಾಗವಾಗಿದೆ.) 1924ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನಲ್ಲಿ ಆರಂಭವಾದ ಬೆಲ್‌ಸ್ಟಾಫ್ ಕಂಪನಿಯು 1948ರಲ್ಲಿ ಟ್ರಯಲ್‌ಮಾಸ್ಟರ್ ಜಾಕೆಟ್ ಹೊರತಂದಿತು. ನಾಲ್ಕು ಜೇಬುಗಳು ಮತ್ತು ಸೊಂಟಪಟ್ಟಿಯ ಈ ಉದ್ದನೆಯ ಜಾಕೆಟ್ ಮುಂದೆ ಬೀದಿಯ ಉಡುಪಾಗಿಯೂ ಜನಪ್ರಿಯವಾಯಿತು.

ತಲೆಯ ರಕ್ಷಣೆಗೆ ಬಹುಕಾಲ ಮಹತ್ವ ದೊರೆಯಲಿಲ್ಲ. 1970ರ ದಶಕದ ಛಾಯಾಚಿತ್ರಗಳಲ್ಲಿಯೂ ಉಣ್ಣೆಯ ಟೋಪಿ ಧರಿಸಿದ ಅಥವಾ ಬರಿತಲೆಯ ಸವಾರರನ್ನು ಕಾಣಬಹುದು. ವಿಭಾಗಗಳು ಎತ್ತರವಾಗಿ, ಬಂಡೆಯಿಂದ ಬಂಡೆಗೆ ನೆಗೆಯುವ ಶೈಲಿ ಬಂದ ಮೇಲೆ ಹೆಲ್ಮೆಟ್ ಅನಿವಾರ್ಯವಾಯಿತು. ಇದೇ ಅವಧಿಯಲ್ಲಿ ಮೇಣದ ಜಾಕೆಟ್‌ಗಳು ಹಿಂದೆ ಸರಿದು, ಹಿಗ್ಗುವ ಕೃತಕ ನೂಲಿನ ಹಗುರ ಉಡುಪುಗಳು ಬಂದವು.

== ಉಡುಪಿನ ಭಾಗಗಳು ==

=== ಹೆಲ್ಮೆಟ್ ===

ಟ್ರಯಲ್ಸ್ ಹೆಲ್ಮೆಟ್ ಮುಖ ತೆರೆದಿರುವ ವಿನ್ಯಾಸದ್ದಾಗಿದ್ದು, ಸುಮಾರು 1 ಕೆ.ಜಿ. ತೂಗುತ್ತದೆ. ಸವಾರನು ಮುಂಚಕ್ರ ಎಲ್ಲಿ ಇಳಿಯುತ್ತದೆ ಎಂಬುದನ್ನು ತನ್ನ ಗಲ್ಲದ ಕೆಳಗೇ ನೋಡಬೇಕಾಗುತ್ತದೆ. ಗಲ್ಲಕವಚವಿದ್ದರೆ ಈ ನೋಟ ಮರೆಯಾಗುತ್ತದೆ. ಜೊತೆಗೆ, ನಡಿಗೆಯ ವೇಗದಲ್ಲಿ ಸಾಗುವಾಗ ಹೆಲ್ಮೆಟ್‌ನೊಳಗೆ ಗಾಳಿ ನುಗ್ಗುವುದಿಲ್ಲವಾದುದರಿಂದ, ದೊಡ್ಡ ಗಾಳಿಕಂಡಿಗಳ ಅಗತ್ಯವಿದೆ. ಮುಖ ತೆರೆದಿರುವುದರಿಂದ ಹಲ್ಲು ಮತ್ತು ದವಡೆಗೆ ರಕ್ಷಣೆ ಇರುವುದಿಲ್ಲ. ಹ್ಯಾಂಡಲ್‌ನ ಮಧ್ಯಭಾಗಕ್ಕೆ ಸ್ಪಂಜಿನ ಕವಚ ತೊಡಿಸುವುದಕ್ಕೆ ಇದೂ ಒಂದು ಕಾರಣ.

ಯುರೋಪಿನಲ್ಲಿ ಮಾರಾಟವಾಗುವ ಹೆಲ್ಮೆಟ್‌ಗಳಿಗೆ ಇಸಿಇ 22 ಮಾನದಂಡ ಅನ್ವಯಿಸುತ್ತದೆ. ಅದರ ಇತ್ತೀಚಿನ ಆವೃತ್ತಿ 22.06. ಬೈಸಿಕಲ್ ಹೆಲ್ಮೆಟ್ ನೋಟಕ್ಕೆ ಹತ್ತಿರವಿದ್ದರೂ ಅದು ಮೋಟಾರ್‌ಸೈಕಲ್ ಹೆಲ್ಮೆಟ್‌ಗೆ ಪರ್ಯಾಯವಲ್ಲ.

=== ಬೂಟು ===

ಟ್ರಯಲ್ಸ್ ಉಡುಪಿನಲ್ಲಿ ಅತಿ ಹೆಚ್ಚು ವಿಶಿಷ್ಟವಾದುದು ಬೂಟು. ಮೊಟೊಕ್ರಾಸ್ ಬೂಟು ಗಡಸು ಪ್ಲಾಸ್ಟಿಕ್‌ನಿಂದ ಕೂಡಿದ್ದು, ಹಿಮ್ಮಡಿಗಂಟು ತಿರುಚದಂತೆ ಬಿಗಿಹಿಡಿಯುತ್ತದೆ. ಟ್ರಯಲ್ಸ್ ಸವಾರನಿಗೆ ಇದಕ್ಕೆ ವಿರುದ್ಧವಾದ ಗುಣ ಬೇಕು. ಅವನು ಫುಟ್‌ರೆಸ್ಟ್‌ನ ಮೇಲೆ ಪಾದದ ಮುಂಭಾಗದಿಂದ ನಿಂತು, ಹಿಮ್ಮಡಿಯನ್ನು ಏರಿಳಿಸುತ್ತ ಸಮತೋಲನ ಕಾಯುತ್ತಾನೆ. ಆದ್ದರಿಂದ ಟ್ರಯಲ್ಸ್ ಬೂಟಿನ ಹಿಮ್ಮಡಿಗಂಟಿನ ಭಾಗ ಮೃದು ಚರ್ಮದಿಂದ ಕೂಡಿದ್ದು ಸುಲಭವಾಗಿ ಬಾಗುತ್ತದೆ. ಮೊಳಕಾಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಪಟ್ಟಿಗಳಿರುತ್ತವೆ.

ಅಡಿಭಾಗದಲ್ಲಿ ಚಾರಣದ ಬೂಟಿನಂತಹ ಹಿಡಿತದ ರಬ್ಬರ್ ಇರುತ್ತದೆ. ಸವಾರನು ವಿಭಾಗಕ್ಕೆ ಇಳಿಯುವ ಮೊದಲು ಅದನ್ನು ನಡೆದು ಪರಿಶೀಲಿಸುತ್ತಾನೆ. ಒಂದೇ ದಿನದಲ್ಲಿ ಹಲವು ಕಿ.ಮೀ. ಒದ್ದೆ ಬಂಡೆಗಳ ಮೇಲೆ ನಡೆಯಬೇಕಾಗಬಹುದು. ಈ ಕಾರಣಕ್ಕೆ ಟ್ರಯಲ್ಸ್ ಬೂಟು ಅರ್ಧ ಮೋಟಾರ್‌ಸೈಕಲ್ ಬೂಟು, ಅರ್ಧ ಪರ್ವತಾರೋಹಣದ ಬೂಟು ಎನ್ನಬಹುದು. ಈ ಬೂಟುಗಳ ಹಲವು ಪ್ರಮುಖ ತಯಾರಕರು ಚಾರಣ ಮತ್ತು ಸ್ಕೀ ಬೂಟುಗಳಿಗೆ ಹೆಸರಾದ ಉತ್ತರ ಇಟಲಿಯ ಮೊಂಟೆಬೆಲ್ಲೂನಾ ಪರಿಸರದಲ್ಲಿದ್ದಾರೆ. ಅಲ್ಲಿಗೆ ಸಮೀಪದ ಆಸೊಲೊ ಪಟ್ಟಣದಲ್ಲಿ 1963ರಲ್ಲಿ ಸ್ಥಾಪನೆಯಾದ ಆಲ್ಪೈನ್‌ಸ್ಟಾರ್ಸ್ ಅವುಗಳಲ್ಲೊಂದು.

=== ಕೈಗವಸು ===

ಕ್ಲಚ್ ಮತ್ತು ಮುಂದಿನ ಬ್ರೇಕ್‌ಗಳನ್ನು ಟ್ರಯಲ್ಸ್ ಸವಾರರು ಒಂದೇ ಬೆರಳಿನಿಂದ ನಿಯಂತ್ರಿಸುತ್ತಾರೆ. ಕ್ಲಚ್‌ನ ಕೂದಲೆಳೆಯಷ್ಟು ಬಿಡಿಕೆಯನ್ನೂ ಬೆರಳು ಅರಿಯಬೇಕಾದ್ದರಿಂದ ಕೈಗವಸುಗಳ ಅಂಗೈ ಭಾಗ ಒಂದೇ ಪದರದ ತೆಳು ಬಟ್ಟೆಯದಾಗಿರುತ್ತದೆ. ಅಂಗೈಯಲ್ಲಿ ಹೊಲಿಗೆ ಬಂದರೆ ಗುಳ್ಳೆಗಳೇಳುತ್ತವೆ.

=== ಅಂಗಿ ಮತ್ತು ಪ್ಯಾಂಟು ===

ಟ್ರಯಲ್ಸ್ ಅಂಗಿ ಮತ್ತು ಪ್ಯಾಂಟು ಮೈಗೆ ಅಂಟಿಕೊಂಡಿರುತ್ತವೆ. ಇದು ಅಲಂಕಾರಕ್ಕಾಗಿ ಅಲ್ಲ. ಸಡಿಲ ಪ್ಯಾಂಟಿನ ಅಂಚು ಕಿಕ್ಕರ್‌ಗೋ ಚೂಪು ಹಲ್ಲುಗಳ ಫುಟ್‌ರೆಸ್ಟ್‌ಗೋ ಸಿಕ್ಕಿಕೊಂಡರೆ, ಬೈಕ್ ಬೀಳುವಾಗ ಸವಾರ ಅದರಿಂದ ಬೇರ್ಪಡಲಾಗುವುದಿಲ್ಲ. ಹಿಂಚಕ್ರದ ಮೇಲೆ ಬಾಗಿದಾಗ ಸಡಿಲ ಬಟ್ಟೆ ತಿರುಗುವ ಟೈರ್‌ಗೆ ತಾಗುವ ಅಪಾಯವೂ ಇದೆ. ಪ್ಯಾಂಟಿನ ಮೊಣಕಾಲು ಮತ್ತು ಸೊಂಟದ ಹಿಂಭಾಗದಲ್ಲಿ ಹಿಗ್ಗುವ ಬಟ್ಟೆ, ಮೊಣಕಾಲಿನ ಒಳಭಾಗದಲ್ಲಿ ಸವೆಯದ ಬಟ್ಟೆ ಇರುತ್ತದೆ. ಮಳೆಗಾಲದ ಸ್ಪರ್ಧೆಗಳಲ್ಲಿ ಇದರ ಮೇಲೆ ಉಸಿರಾಡುವ ಗುಣದ ಜಲನಿರೋಧಕ ಜಾಕೆಟ್ ಧರಿಸುತ್ತಾರೆ.

=== ಕವಚಗಳು ===

ಟ್ರಯಲ್ಸ್‌ನಲ್ಲಿ ಬೀಳುವಿಕೆ ಸಾಮಾನ್ಯ. ಆದರೆ ವೇಗ ಕಡಿಮೆ. ಮೊಣಕಾಲು, ಮೊಳಕಾಲು, ಹಿಮ್ಮಡಿಗಂಟು, ಮಣಿಕಟ್ಟು ಮತ್ತು ಬೆರಳುಗಳಿಗೆ ಹೆಚ್ಚಾಗಿ ಪೆಟ್ಟಾಗುತ್ತದೆ. ಎತ್ತರದ ಬಂಡೆಯಿಂದ ಹಿಮ್ಮುಖವಾಗಿ ಬಿದ್ದಾಗ ಮಾತ್ರ ಬೆನ್ನುಮೂಳೆಗೆ ಗಂಭೀರ ಅಪಾಯ ಉಂಟಾಗುತ್ತದೆ.

ಕವಚಗಳ ಗುಣಮಟ್ಟವನ್ನು ಯುರೋಪಿಯನ್ ಮಾನದಂಡಗಳು ನಿಗದಿಪಡಿಸಿವೆ. ಕೈಕಾಲುಗಳ ಕವಚಕ್ಕೆ ಇಎನ್ 1621-1, ಬೆನ್ನಿನ ಕವಚಕ್ಕೆ ಇಎನ್ 1621-2, ಬೂಟುಗಳಿಗೆ ಇಎನ್ 13634 ಮತ್ತು ಕೈಗವಸುಗಳಿಗೆ ಇಎನ್ 13594 ಅನ್ವಯಿಸುತ್ತವೆ. ಕವಚದ ಪರೀಕ್ಷೆಯಲ್ಲಿ 50 ಜೂಲ್ ಶಕ್ತಿಯ ಏಟು ಕೊಟ್ಟು, ಅದರಾಚೆಗೆ ದಾಟುವ ಬಲವನ್ನು ಅಳೆಯಲಾಗುತ್ತದೆ. ಬೆನ್ನಿನ ಕವಚದಲ್ಲಿ ಈ ಬಲದ ಸರಾಸರಿ ಮೊದಲ ಹಂತಕ್ಕೆ 18 ಕಿಲೊನ್ಯೂಟನ್, ಎರಡನೆಯ ಹಂತಕ್ಕೆ 9 ಕಿಲೊನ್ಯೂಟನ್ ಮೀರುವಂತಿಲ್ಲ. ಎರಡನೆಯ ಹಂತದ ಕವಚ ಹೆಚ್ಚು ಸುರಕ್ಷಿತವಾದರೂ ಸಾಮಾನ್ಯವಾಗಿ ದಪ್ಪವಾಗಿದ್ದು ಹೆಚ್ಚು ಬೆವರಿಳಿಸುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಮೃದುವಾಗಿದ್ದು, ಏಟು ಬಿದ್ದ ಕ್ಷಣ ಗಡಸಾಗುವ ಪದಾರ್ಥಗಳ ಕವಚಗಳು ಈ ಸಮಸ್ಯೆಯನ್ನು ಭಾಗಶಃ ನಿವಾರಿಸಿವೆ. ಹೊರಗಿನಿಂದ ಕಟ್ಟುವ ದೊಡ್ಡ ಕವಚಗಳಿಗಿಂತ ಪ್ಯಾಂಟಿನ ಒಳಗೆ ತೊಡುವ ತೆಳು ಕವಚಗಳನ್ನು ಟ್ರಯಲ್ಸ್ ಸವಾರರು ಇಷ್ಟಪಡುತ್ತಾರೆ.

=== ಎಂಜಿನ್ ನಿಲುಗಡೆಯ ದಾರ ===

ಸವಾರನ ಮಣಿಕಟ್ಟಿಗೂ ಹ್ಯಾಂಡಲ್‌ನಲ್ಲಿರುವ ಸ್ವಿಚ್‌ಗೂ ಒಂದು ದಾರವನ್ನು ಜೋಡಿಸಲಾಗುತ್ತದೆ. ಸವಾರ ಬೈಕ್‌ನಿಂದ ಬೇರ್ಪಟ್ಟೊಡನೆ ಸ್ವಿಚ್‌ನ ಅಯಸ್ಕಾಂತದ ಮುಚ್ಚಳ ಕಳಚಿ ಎಂಜಿನ್ ನಿಲ್ಲುತ್ತದೆ. ಬಿದ್ದ ಬೈಕ್‌ನ ತಿರುಗುವ ಚಕ್ರ ಮತ್ತು ಚೈನಿನಿಂದ ಸವಾರನ ಬೆರಳುಗಳಿಗೂ, ವಿಭಾಗದಲ್ಲಿ ನೆರವಿಗೆ ನಿಂತ ಸಹಾಯಕನಿಗೂ ಆಗಬಹುದಾದ ಗಾಯವನ್ನು ಇದು ತಪ್ಪಿಸುತ್ತದೆ. ಇದು ಉಡುಪಿನ ಅತಿ ಚಿಕ್ಕ ಭಾಗವಾದರೂ ಬಹುತೇಕ ಸಂಘಟಿತ ಸ್ಪರ್ಧೆಗಳಲ್ಲಿ ಕಡ್ಡಾಯವಾಗಿದೆ.

== ಇತರ ಕ್ರೀಡೆಗಳೊಂದಿಗೆ ಹೋಲಿಕೆ ==

* ಮೊಟೊಕ್ರಾಸ್: ಸವಾರ ತಿರುವುಗಳಲ್ಲಿ ಕೂರುತ್ತಾನೆ, ನೆಗೆತಗಳಲ್ಲಿ ನಿಲ್ಲುತ್ತಾನೆ. ಉದ್ದನೆಯ ಚಪ್ಪಟೆ ಆಸನ, ಪೂರ್ಣಮುಖದ ಹೆಲ್ಮೆಟ್, ಕನ್ನಡಕ, ಗಡಸು ಬೂಟು ಮತ್ತು ಎದೆಕವಚ ಬಳಕೆಯಲ್ಲಿವೆ.
* ಎಂಡ್ಯೂರೊ: ದೀರ್ಘ ದೂರದ ಸ್ಪರ್ಧೆ. ಆಸನ ಮೊಟೊಕ್ರಾಸ್‌ನಂತೆಯೇ ಇದ್ದರೂ ತುಸು ಮೆತ್ತಗಿರುತ್ತದೆ. ಉಡುಪಿನಲ್ಲಿ ಉಪಕರಣ ಮತ್ತು ಕುಡಿಯುವ ನೀರಿಗೆ ಜಾಗವಿರುತ್ತದೆ.
* ಟ್ರಯಲ್ಸ್: ಆಸನವಿಲ್ಲ ಅಥವಾ ತೆಳು ಮೆತ್ತೆ. ಮುಖ ತೆರೆದ ಹೆಲ್ಮೆಟ್, ಮೃದು ಬೂಟು, ಮೈಗಂಟುವ ಉಡುಪು.
* ಬೈಸಿಕಲ್ ಟ್ರಯಲ್ಸ್: ಹಲವು ಸ್ಪರ್ಧಾ ಸೈಕಲ್‌ಗಳಲ್ಲಿ ಸೀಟೇ ಇರುವುದಿಲ್ಲ. ಹೆಲ್ಮೆಟ್ ಮತ್ತು ಮೊಳಕಾಲು ಕವಚ ಮುಖ್ಯ ರಕ್ಷಣೆ.

ಒಂದು ಕ್ರೀಡೆಯ ಉಡುಪು ಮತ್ತೊಂದಕ್ಕೆ ಹೊಂದುವುದಿಲ್ಲ. ಮೊಟೊಕ್ರಾಸ್ ಬೂಟು ತೊಟ್ಟ ಟ್ರಯಲ್ಸ್ ಕಲಿಕೆದಾರನಿಗೆ ಗೇರ್ ಮತ್ತು ಬ್ರೇಕ್ ಪೆಡಲ್‌ಗಳ ಸ್ಪರ್ಶ ತಿಳಿಯುವುದಿಲ್ಲ. ಟ್ರಯಲ್ಸ್ ಹೆಲ್ಮೆಟ್ ಮತ್ತು ಬೂಟು ತೊಟ್ಟು ಮೊಟೊಕ್ರಾಸ್ ಪಥಕ್ಕಿಳಿಯುವುದು ಇನ್ನೂ ಅಪಾಯಕರ.

== ಭಾರತದಲ್ಲಿ ==

ಭಾರತದಲ್ಲಿ ಮೋಟಾರ್‌ಸೈಕಲ್ ರ್‍ಯಾಲಿ ಮತ್ತು ಡರ್ಟ್ ಟ್ರ್ಯಾಕ್ ಓಟಗಳಿಗೆ ಹೋಲಿಸಿದರೆ ಟ್ರಯಲ್ಸ್ ಕ್ರೀಡೆ ಕಡಿಮೆ ಪರಿಚಿತವಾಗಿದೆ. ‘ಟ್ರಯಲ್ಸ್’ ಎಂಬ ಹೆಸರು ಇಲ್ಲಿನ ಬೈಕ್ ಪ್ರಿಯರಿಗೆ ಹೆಚ್ಚು ಪರಿಚಯವಾದದ್ದು ಚೆನ್ನೈ ಮೂಲದ ರಾಯಲ್ ಎನ್‌ಫೀಲ್ಡ್ ಕಂಪನಿ 2019ರಲ್ಲಿ ಬಿಡುಗಡೆ ಮಾಡಿದ ಬುಲೆಟ್ ಟ್ರಯಲ್ಸ್ 350 ಮತ್ತು 500 ಮಾದರಿಗಳಿಂದ. ಹಿಂದಿನ ಕಾಲದ ಸ್ಪರ್ಧಾ ಬುಲೆಟ್‌ಗಳ ನೆನಪಿಗಾಗಿ ಇವಕ್ಕೆ ಒಂಟಿ ಆಸನ, ಹಿಂದೆ ಸಾಮಾನು ಕ್ಯಾರಿಯರ್, ಮೇಲಕ್ಕೆ ತಿರುಗಿಸಿದ ಸೈಲೆನ್ಸರ್ ಮತ್ತು ಗಂಟುಗಂಟಾದ ಟೈರ್‌ಗಳನ್ನು ನೀಡಲಾಗಿತ್ತು. ಸುಮಾರು 190 ಕೆ.ಜಿ. ತೂಕದ ಇವು ರಸ್ತೆ ಬಳಕೆಯ ಬೈಕ್‌ಗಳೇ ಹೊರತು ಇಂದಿನ ಅರ್ಥದ ಟ್ರಯಲ್ಸ್ ಸ್ಪರ್ಧೆಗೆ ತಕ್ಕವಲ್ಲ.

ಸಾರ್ವಜನಿಕ ರಸ್ತೆಯಲ್ಲಿ ಸವಾರಿ ಮಾಡುವಾಗ 1988ರ ಮೋಟಾರು ವಾಹನ ಕಾಯ್ದೆಯ 129ನೆಯ ವಿಧಿಯಂತೆ ಹೆಲ್ಮೆಟ್ ಧರಿಸುವುದು ಕಡ್ಡಾಯ. ದೇಶದಲ್ಲಿ ಮಾರಾಟವಾಗುವ ದ್ವಿಚಕ್ರ ಹೆಲ್ಮೆಟ್‌ಗಳು ಐಎಸ್ 4151 ಮಾನದಂಡಕ್ಕೆ ಅನುಗುಣವಾಗಿದ್ದು ಐಎಸ್ಐ ಮುದ್ರೆ ಹೊಂದಿರಬೇಕು.

== ಆಯ್ಕೆ ಮತ್ತು ನಿರ್ವಹಣೆ ==

ಹೊಸದಾಗಿ ಟ್ರಯಲ್ಸ್ ಕಲಿಯುವವರು ಮೊದಲು ಹೊಂದಬೇಕಾದವು ಹೆಲ್ಮೆಟ್, ಬೂಟು, ಕೈಗವಸು, ಮೊಣಕಾಲು ಕವಚ ಮತ್ತು ಎಂಜಿನ್ ನಿಲುಗಡೆಯ ದಾರ. ಹೆಲ್ಮೆಟ್ ಒಮ್ಮೆ ಬಲವಾದ ಏಟು ತಿಂದರೆ, ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಥರ್ಮೊಕೋಲ್ ಪದರ ಕುಗ್ಗಿರುತ್ತದೆಯಾದ್ದರಿಂದ ಅದನ್ನು ಬದಲಿಸಬೇಕು. ಚರ್ಮದ ಬೂಟುಗಳನ್ನು ಬಿಸಿಲಿನಲ್ಲಿ ಅಥವಾ ಬೆಂಕಿಯ ಬಳಿ ಒಣಗಿಸಿದರೆ ಚರ್ಮ ಸೀಳುತ್ತದೆ. ಕೆಸರು ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ, ಆನಂತರ ಎಣ್ಣೆ ಅಥವಾ ಮೇಣ ಹಚ್ಚುವುದು ರೂಢಿ. ಆಸನದ ಫೋಮ್ ನೀರು ಕುಡಿದರೆ ತೂಕ ಹೆಚ್ಚುವುದರಿಂದ ಹೊದಿಕೆಯ ಹರಕುಗಳನ್ನು ಬೇಗ ಸರಿಪಡಿಸಬೇಕು.

ಕಳಚಬಹುದಾದ ಆಸನವನ್ನು ವಿಭಾಗಗಳ ಅಭ್ಯಾಸದ ಸಮಯದಲ್ಲಿ ತೆಗೆದಿಡುವುದು ಉತ್ತಮ. ಆಸನವಿರುವಾಗ ಕಲಿಕೆದಾರನು ದಣಿದೊಡನೆ ಕೂರುತ್ತಾನೆ, ಇದರಿಂದ ನಿಂತು ಸಮತೋಲನ ಕಾಯುವ ಅಭ್ಯಾಸ ನಿಧಾನವಾಗುತ್ತದೆ.

== ಇವನ್ನೂ ನೋಡಿ ==

* ಮೋಟಾರ್‌ಸೈಕಲ್
* ಮೊಟೊಕ್ರಾಸ್
* ಎಂಡ್ಯೂರೊ
* ರಾಯಲ್ ಎನ್‌ಫೀಲ್ಡ್ ಬುಲೆಟ್
* ಹೆಲ್ಮೆಟ್
* ಗುರುತ್ವ ಕೇಂದ್ರ